ನವಿರು ಕೂದಲಿಗೆ ಪ್ರೋಟೀನೂ ಒಗ್ಗುತ್ತಿಲ್ಲ, ಸಿಲಿಕೋನೂ ಒಗ್ಗುತ್ತಿಲ್ಲ: ಆರೈಕೆ ಹೇಗೆ?

ಪ್ರಶ್ನೆ: ಎಳೆಗೂದಲು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನ ಕೂದಲು ಚಿಕ್ಕಂದಿನಿಂದಲೂ ಬಹಳ ನವಿರು. ಒಂದು ಎಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಉಜ್ಜಿದರೆ ಅದು ಅಲ್ಲಿದೆ ಎಂಬುದೇ ಗೊತ್ತಾಗುವುದಿಲ್ಲ. ಹಾಗೆಂದು ಕೂದಲು ವಿರಳವಾಗಿಲ್ಲ. ಜಡೆ ಹೆಣೆದರೆ ತುಂಬಿಕೊಂಡೇ ಕಾಣುತ್ತದೆ, ಭುಜದಿಂದ ಕೆಳಗೆ ಸಣ್ಣ ಅಲೆಗಳೂ ಇವೆ. ಬಣ್ಣ ಹಾಕಿಸಿದ್ದಿಲ್ಲ, ಬಿಸಿ ಇಸ್ತ್ರಿಯಿಂದ ನೇರ ಮಾಡಿಸಿದ್ದೂ ಇಲ್ಲ.

ನನ್ನ ತೊಂದರೆ ಎರಡು ಬಗೆಯದು. ‘ಬಲ ಕೊಡುವ’, ‘ದುರಸ್ತಿ ಮಾಡುವ’ ಎಂದು ಬರೆದಿರುವ ಶಾಂಪೂ ಮತ್ತು ಕಂಡಿಷನರ್‌ಗಳನ್ನು ಬಳಸಿದರೆ ಮೊದಲ ಸಲ ಕೂದಲು ಚೆನ್ನಾಗಿ ಉಬ್ಬಿ ನಿಲ್ಲುತ್ತದೆ, ಆದರೆ ಮುಂದಿನ ತಲೆಸ್ನಾನಗಳಲ್ಲಿ ಒಣಹುಲ್ಲಿನಂತೆ ಬಿರುಸಾಗುತ್ತಾ ಹೋಗಿ ತುದಿಗಳು ಒಂದಕ್ಕೊಂದು ಸಿಕ್ಕಾಗುತ್ತವೆ. ಲೇಬಲ್ ನೋಡಿದರೆ ಅವುಗಳಲ್ಲಿ ಹೈಡ್ರೊಲೈಸ್ಡ್ ಗೋಧಿ ಪ್ರೋಟೀನ್ ಅಥವಾ ಕೆರಾಟಿನ್ ಇರುತ್ತದೆ. ಇದಕ್ಕೆ ಬದಲು ‘ನುಣುಪು’ ಕೊಡುವ ಸೀರಮ್ ಹಚ್ಚಿದರೆ ಆ ದಿನವೆಲ್ಲ ಹೊಳಪಿದ್ದು, ಮಾರನೆಯ ದಿನದ ಹೊತ್ತಿಗೆ ಬುಡ ಜಿಡ್ಡಾಗಿ ನೆತ್ತಿಗೆ ಅಂಟಿಕೊಳ್ಳುತ್ತದೆ. ತುದಿಗಳು ಮಾತ್ರ ಒಣಗಿಯೇ ಇರುತ್ತವೆ. ಮನೆಯಲ್ಲಿ ಅತ್ತೆಯವರು ಅಕ್ಕರೆಯಿಂದ ಅರೆದುಕೊಡುವ ಮೆಂತ್ಯ ಮತ್ತು ಮೊಸರಿನ ಲೇಪ ಹಚ್ಚಿದಾಗಲೂ ಪ್ರೋಟೀನ್ ಕಂಡಿಷನರ್ ಹಚ್ಚಿದಾಗಿನ ಬಿರುಸೇ ಬರುತ್ತದೆ. ಮೊಟ್ಟೆಯ ಮಾತಂತೂ ಬೇಡ.

ಇನ್ನೊಂದು ಸಂಗತಿಯನ್ನು ಹೇಳಬೇಕು. ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಕೊಳವೆಬಾವಿಯ ನೀರನ್ನೂ ಟ್ಯಾಂಕರ್ ನೀರನ್ನೂ ಒಂದೇ ಸಂಪಿಗೆ ಬಿಡುತ್ತಾರೆ. ತೀರ್ಥಹಳ್ಳಿಯ ತವರುಮನೆಗೆ ಹೋಗಿ ಅದೇ ಶಾಂಪೂವಿನಿಂದ ತಲೆಗೆ ಎರೆದುಕೊಂಡರೆ ಕೂದಲು ಬೇರೆಯೇ ಆಗಿರುತ್ತದೆ.

ಇಲ್ಲಿಯ ಒಂದು ಸಲೂನಿನಲ್ಲಿ ‘ನಿಮ್ಮ ಕೂದಲಿಗೆ ಶಕ್ತಿಯಿಲ್ಲ, ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸಿ’ ಎಂದು ಒತ್ತಾಯಿಸುತ್ತಿದ್ದಾರೆ. ಪ್ರೋಟೀನ್ ಒಗ್ಗದ ಕೂದಲು ಎಂಬುದು ನಿಜವಾಗಿಯೂ ಇದೆಯೇ, ಅಥವಾ ಅದು ಅಂತರ್ಜಾಲದಲ್ಲಿ ಹುಟ್ಟಿದ ಮಾತೇ? ಸಿಲಿಕೋನುಗಳನ್ನು ಲೇಬಲ್ಲಿನಲ್ಲಿ ಹೇಗೆ ಗುರುತಿಸುವುದು? ಎರಡನ್ನೂ ಬಿಟ್ಟರೆ ಬಳಸಲು ಏನು ಉಳಿಯುತ್ತದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಲೇಬಲ್‌ಓದುಗ, ಮೈಸೂರು

ಶಾಂಪೂ ಮತ್ತು ಕಂಡಿಷನರ್‌ಗಳ ಸೂತ್ರ ರೂಪಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನಾದ್ದರಿಂದ ನಿಮ್ಮ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ. ಮೊದಲು ಎಳೆಯ ಗಾತ್ರವನ್ನು ಅರ್ಥಮಾಡಿಕೊಳ್ಳಬೇಕು, ಏಕೆಂದರೆ ನೀವು ಹೇಳಿರುವ ಎರಡು ತೊಂದರೆಗಳ ಬೇರೂ ಅಲ್ಲಿಯೇ ಇದೆ.

ಸುಮಾರು 60 ಮೈಕ್ರೋಮೀಟರಿಗಿಂತ ಕಡಿಮೆ ವ್ಯಾಸದ ಎಳೆಯನ್ನು ನವಿರು ಎಂದೂ 80ಕ್ಕಿಂತ ಹೆಚ್ಚಿನದನ್ನು ದಪ್ಪ ಎಂದೂ ಸಾಮಾನ್ಯವಾಗಿ ಕರೆಯುತ್ತಾರೆ. ಎಳೆಯ ವ್ಯಾಸ ಅರ್ಧವಾದರೆ, ಅಷ್ಟೇ ತೂಕದ ಕೂದಲಿಗೆ ಹೊರಮೈ ಎರಡರಷ್ಟಾಗುತ್ತದೆ. ಬಾಗದೆ ನಿಲ್ಲುವ ಗುಣವಂತೂ ವ್ಯಾಸದ ನಾಲ್ಕನೆಯ ಘಾತವನ್ನು ಅವಲಂಬಿಸಿರುವುದರಿಂದ, ಅರ್ಧ ವ್ಯಾಸದ ಎಳೆಯನ್ನು ಬಾಗಿಸಲು ಹದಿನಾರನೆಯ ಒಂದು ಪಾಲು ಬಲವೇ ಸಾಕು. ಆದ್ದರಿಂದ ದಪ್ಪ ಕೂದಲಿನವರಿಗೆ ಗಮನಕ್ಕೇ ಬಾರದಷ್ಟು ತೆಳುವಾದ ಲೇಪವೂ ನಿಮ್ಮ ಕೂದಲನ್ನು ಜೋತುಬೀಳಿಸಬಲ್ಲದು ಅಥವಾ ಸೆಡೆತುಕೊಳ್ಳುವಂತೆ ಮಾಡಬಲ್ಲದು. ನಿಮ್ಮ ಕೂದಲಿಗೆ ಶಕ್ತಿಯಿಲ್ಲ ಎಂಬುದು ಸರಿಯಾದ ಮಾತಲ್ಲ. ಅದು ಭಾರ ಹೊರದ ಕೂದಲು, ಅಷ್ಟೆ.

ಸಿಲಿಕೋನಿನ ಬಗ್ಗೆ ಅಂತರ್ಜಾಲದಲ್ಲಿ ಅನಗತ್ಯ ಭಯವಿದೆ. ಅದು ಕೂದಲನ್ನು ಉಸಿರುಗಟ್ಟಿಸುತ್ತದೆ ಎನ್ನುವುದರಲ್ಲಿ ಅರ್ಥವಿಲ್ಲ, ಏಕೆಂದರೆ ನೆತ್ತಿಯಿಂದ ಹೊರಬಂದ ಕೂದಲಿನಲ್ಲಿ ಜೀವಕೋಶಗಳೇ ಬದುಕಿರುವುದಿಲ್ಲ. ಸಿಲಿಕೋನು ರಾಸಾಯನಿಕವಾಗಿ ಬಹಳ ಸುಮ್ಮನಿರುವ ವಸ್ತು. ಎಳೆಗಳ ನಡುವಿನ ಘರ್ಷಣೆಯನ್ನು ತಗ್ಗಿಸಿ, ಬಾಚುವಾಗ ಕೂದಲು ತುಂಡಾಗುವುದನ್ನು ನಿಜವಾಗಿಯೂ ಕಡಿಮೆ ಮಾಡುತ್ತದೆ. ನಿಮ್ಮ ವಿಷಯದಲ್ಲಿ ತೊಂದರೆಯಿರುವುದು ಅದು ನೀರಿನಲ್ಲಿ ಕರಗದೆ ಉಳಿದುಕೊಳ್ಳುವುದರಲ್ಲಿ. ಡೈಮೆಥಿಕೋನ್, ಡೈಮೆಥಿಕೊನಾಲ್, ಅಮೋಡೈಮೆಥಿಕೋನ್, ಫೀನೈಲ್ ಟ್ರೈಮೆಥಿಕೋನ್ ಹೀಗೆ ‘ಕೋನ್’, ‘ಕೊನಾಲ್’ ಎಂದು ಮುಗಿಯುವ ಹೆಸರುಗಳು ಸಾಮಾನ್ಯವಾಗಿ ಸಿಲಿಕೋನುಗಳೇ. ‘ಸಿಲೋಕ್ಸೇನ್’ ಎಂದು ಮುಗಿಯುವವೂ ಅದೇ ಕುಲದವು.

ಆದರೆ ಎಲ್ಲವೂ ಒಂದೇ ರೀತಿ ವರ್ತಿಸುವುದಿಲ್ಲ. ಸೀರಮ್‌ಗಳಲ್ಲಿ ಮೊದಲಿಗೇ ಕಾಣುವ ಸೈಕ್ಲೋಪೆಂಟಾಸಿಲೋಕ್ಸೇನ್ ಸ್ವಲ್ಪ ಹೊತ್ತಿನಲ್ಲಿ ಆವಿಯಾಗಿ ಹೋಗುತ್ತದೆ, ಅದು ಹೊತ್ತು ತಂದ ಡೈಮೆಥಿಕೊನಾಲ್ ಮಾತ್ರ ಕೂದಲಿನ ಮೇಲೆ ಉಳಿಯುತ್ತದೆ. (ನೀರಿನ ಮೂಲಗಳನ್ನು ಸೇರಿದರೆ ಬಹುಕಾಲ ಉಳಿಯುತ್ತದೆ ಎಂಬ ಕಾರಣಕ್ಕೆ ಐರೋಪ್ಯ ಒಕ್ಕೂಟವು ತೊಳೆದುಹಾಕುವ ಪ್ರಸಾಧನಗಳಲ್ಲಿ ಇದರ ಪ್ರಮಾಣವನ್ನು 2020ರಿಂದ ಶೇಕಡಾ 0.1ಕ್ಕಿಂತ ಕಡಿಮೆಗೆ ಸೀಮಿತಗೊಳಿಸಿದೆ. ಅದು ಕೂದಲಿಗಿಂತ ಪರಿಸರಕ್ಕೆ ಸಂಬಂಧಿಸಿದ ವಿಚಾರ.) ಹೆಸರಿನ ಮುಂದೆ ‘ಪೆಗ್’ ಮತ್ತು ಒಂದು ಅಂಕಿ ಇರುವ ಡೈಮೆಥಿಕೋನುಗಳಲ್ಲಿ ಹಲವು ನೀರಿನಲ್ಲಿ ಬೆರೆಯುವುದರಿಂದ ಸುಲಭವಾಗಿ ತೊಳೆದುಹೋಗುತ್ತವೆ. ಅಮೋಡೈಮೆಥಿಕೋನ್‌ಗೆ ಧನ ವಿದ್ಯುದಂಶವಿರುವುದರಿಂದ ಅದು ಹಾನಿಗೊಂಡ ಜಾಗಗಳನ್ನೇ ಹುಡುಕಿ ಕೂರುತ್ತದೆ. ಅನೇಕರು ಕಂಡಿಷನರ್ ಬದಲಿಸಿ, ಶಾಂಪೂವನ್ನು ನೋಡುವುದನ್ನೇ ಬಿಡುತ್ತಾರೆ. ನುಣುಪಿನ ಭರವಸೆ ಕೊಡುವ ಎಷ್ಟೋ ಶಾಂಪೂಗಳಲ್ಲಿ ಡೈಮೆಥಿಕೋನಿನ ಜೊತೆಗೆ ಗ್ವಾರ್ ಹೈಡ್ರಾಕ್ಸಿಪ್ರೊಪೈಲ್‌ಟ್ರೈಮೋನಿಯಂ ಕ್ಲೋರೈಡ್ ಎಂಬ ವಸ್ತು ಇರುತ್ತದೆ. ಗೋರಿಕಾಯಿಯ ಬೀಜದ ಅಂಟಿನಿಂದ ತಯಾರಾಗುವ ಇದರ ಕೆಲಸವೇ ತೊಳೆಯುವಾಗ ಸಿಲಿಕೋನನ್ನು ಕೂದಲಿನ ಮೇಲೆ ಇಳಿಸುವುದು.

ಇನ್ನು ಪ್ರೋಟೀನ್. ‘ಪ್ರೋಟೀನ್ ಒಗ್ಗದ ಕೂದಲು’ ಎಂಬುದು ವೈದ್ಯಕೀಯದಲ್ಲಿ ಗುರುತಿಸಿರುವ ಸ್ಥಿತಿಯಲ್ಲ. ಗುಂಗುರು ಕೂದಲಿನವರು ತಮ್ಮ ಅನುಭವಗಳನ್ನು ಹಂಚಿಕೊಳ್ಳುತ್ತಾ ರೂಢಿಗೆ ತಂದ ಮಾತು. ಆದರೆ ಕೈಗೆ ಸಿಗುವ ಆ ಬಿರುಸು ಸುಳ್ಳಲ್ಲ. ಹೈಡ್ರೊಲೈಸ್ಡ್ ಎಂದರೆ ದೊಡ್ಡ ಪ್ರೋಟೀನ್ ಅಣುವನ್ನು ಆಮ್ಲ, ಕ್ಷಾರ ಅಥವಾ ಕಿಣ್ವಗಳಿಂದ ತುಂಡರಿಸಿದ್ದು. ಸುಮಾರು 1000 ಡಾಲ್ಟನ್‌ಗಿಂತ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ) ಚಿಕ್ಕ ತುಣುಕುಗಳು ಎಳೆಯ ಒಳಕ್ಕೆ ಇಳಿಯಬಲ್ಲವು. ಅದಕ್ಕಿಂತ ಬಹಳ ದೊಡ್ಡವು ಹೊರಮೈಯಲ್ಲೇ ಉಳಿದು, ಒಣಗಿದಾಗ ತೆಳುವಾದ ಗಟ್ಟಿ ಪೊರೆಯಾಗುತ್ತವೆ. ಮೊದಲ ದಿನ ಕೂದಲು ಉಬ್ಬಿ ನಿಲ್ಲಲು ಕಾರಣವೂ ಆ ಪೊರೆಯೇ, ಮುಂದೆ ಪದರದ ಮೇಲೆ ಪದರ ಸೇರಿದಾಗ ಬಿರುಸಾಗಲು ಕಾರಣವೂ ಅದೇ. ಬ್ಲೀಚ್ ಮಾಡಿಸಿ ಸವೆದ ಕೂದಲಿಗೆ ಆ ಪೊರೆ ಆಧಾರವಾಗುತ್ತದೆ. ಬಣ್ಣವನ್ನಾಗಲಿ ಬಿಸಿಯನ್ನಾಗಲಿ ಕಾಣದ ನಿಮ್ಮ ಕೂದಲಿಗೆ ಅಂತಹ ದುರಸ್ತಿಯ ಅಗತ್ಯವೇ ಬಹಳ ಕಡಿಮೆ.

ಲೇಬಲ್ ಓದುವಾಗ ಒಂದು ನಿಯಮವನ್ನು ನೆನಪಿಡಿ. ನಮ್ಮ ದೇಶದ ನಿಯಮದಂತೆ ಶೇಕಡಾ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಇರುವವುಗಳನ್ನು ಅನಂತರ ಯಾವ ಕ್ರಮದಲ್ಲಾದರೂ ಬರೆಯಬಹುದು. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಹೆಚ್ಚು ಹಾಕುವುದಿಲ್ಲವಾದ್ದರಿಂದ, ಅದರ ನಂತರ ಬರುವ ಪ್ರೋಟೀನಿನ ಪ್ರಮಾಣವೂ ಅಲ್ಪವೇ ಇರುತ್ತದೆ. ಹೆಸರು ಕಂಡ ಮಾತ್ರಕ್ಕೆ ಸೀಸೆಯನ್ನು ಎಸೆಯಬೇಕಾಗಿಲ್ಲ. ಪಟ್ಟಿಯ ಮೊದಲರ್ಧದಲ್ಲೇ ಪ್ರೋಟೀನ್ ಇದ್ದರೆ, ಅಥವಾ ಶಾಂಪೂ, ಕಂಡಿಷನರ್, ಸೀರಮ್ ಮೂರರಲ್ಲೂ ಇದ್ದರೆ ಮಾತ್ರ ಯೋಚಿಸಬೇಕು.

ಮಾಡಬೇಕಾದ ಮೊದಲ ಕೆಲಸವೆಂದರೆ ಹಳೆಯ ಪದರವನ್ನು ತೆಗೆಯುವುದು. ಸೋಡಿಯಂ ಲಾರೆತ್ ಸಲ್ಫೇಟ್ ಅಥವಾ ಸೋಡಿಯಂ ಓಲೆಫಿನ್ ಸಲ್ಫೋನೇಟ್ ಇರುವ, ಆದರೆ ಸಿಲಿಕೋನ್, ಪ್ರೋಟೀನ್ ಮತ್ತು ‘ಪಾಲಿಕ್ವಾಟರ್ನಿಯಂ’ (ಕೂದಲಿಗೆ ಅಂಟಿ ಪದರವಾಗುವ ಇನ್ನೊಂದು ಬಗೆಯ ವಸ್ತು) ಯಾವುದೂ ಇಲ್ಲದ ಸಾದಾ ಶಾಂಪೂವಿನಿಂದ ಒಮ್ಮೆ ಎರಡು ಸಲ ನೊರೆ ಬರಿಸಿ ತೊಳೆಯಿರಿ. ಸಲ್ಫೇಟ್ ಎಂದರೆ ಹೆದರುವವರಿದ್ದಾರೆ, ಆದರೆ ಕರಗದ ಸಿಲಿಕೋನನ್ನು ಹಚ್ಚಿಕೊಂಡು ಅತಿ ಮೃದುವಾದ ಶಾಂಪೂವಿನಿಂದ ಮಾತ್ರ ತೊಳೆಯುವುದೇ ಪದರ ಸೇರಲು ಮುಖ್ಯ ಕಾರಣ. ಅನಂತರ ಕೆಲವು ವಾರ ಸೀಟಿಯರಿಲ್ ಆಲ್ಕೋಹಾಲ್ ಮತ್ತು ಬೆಹೆನ್‌ಟ್ರೈಮೋನಿಯಂ ಕ್ಲೋರೈಡ್ ಅಥವಾ ಸೀಟ್ರಿಮೋನಿಯಂ ಕ್ಲೋರೈಡ್ ಇರುವ ಸರಳ ಕಂಡಿಷನರ್ ಒಂದನ್ನೇ ಬಳಸಿ. ಈ ಆಲ್ಕೋಹಾಲ್ ಕೂದಲನ್ನು ಒಣಗಿಸುವ ಜಾತಿಯದಲ್ಲ, ಮೇಣದಂತಹ ಕೊಬ್ಬು. ನಾಲ್ಕಾಣೆಯ ನಾಣ್ಯದಗಲದಷ್ಟು ತೆಗೆದುಕೊಂಡು, ಕಿವಿಯ ಮಟ್ಟದಿಂದ ಕೆಳಗೆ ಮಾತ್ರ, ನೀರು ಸೋರುತ್ತಿರುವ ಒದ್ದೆ ಕೂದಲಿಗೆ ಹಚ್ಚಿ, ಬೆರಳಿನಿಂದ ಸಿಕ್ಕು ಬಿಡಿಸಿ, ಪೂರ್ತಿ ತೊಳೆಯಿರಿ. ಆಮೇಲೆ ಒಂದೊಂದೇ ವಸ್ತುವನ್ನು ಸೇರಿಸುತ್ತಾ ನೋಡಿ. ಶಾಂಪೂವನ್ನೂ ಎಣ್ಣೆಯನ್ನೂ ಸೀರಮ್ಮನ್ನೂ ಒಂದೇ ವಾರ ಬದಲಿಸಿದರೆ ಯಾವುದು ಒಗ್ಗಲಿಲ್ಲವೆಂದು ಎಂದಿಗೂ ತಿಳಿಯುವುದಿಲ್ಲ.

ಕೂದಲನ್ನು ಲೋಟದ ನೀರಿನಲ್ಲಿ ಹಾಕಿ ತೇಲುತ್ತದೆಯೋ ಮುಳುಗುತ್ತದೆಯೋ ನೋಡುವ ಪರೀಕ್ಷೆಯನ್ನು ನಂಬಬೇಡಿ. ನೀರಿನ ಮೇಲ್ಮೈ ಎಳೆತ ಮತ್ತು ಕೂದಲಿನ ಮೇಲಿರುವ ಎಣ್ಣೆ ಅದರ ಫಲಿತಾಂಶವನ್ನು ನಿರ್ಧರಿಸುತ್ತವೆ, ಕೂದಲಿನ ಒಳರಚನೆಯಲ್ಲ.

ಉತ್ತರ: ಬಾವಿಕಟ್ಟೆ, ಕೋಲಾರ

ನೀರಿನ ಗುಣಮಟ್ಟ ಪರೀಕ್ಷಿಸುವುದು ನನ್ನ ವೃತ್ತಿ. ತೀರ್ಥಹಳ್ಳಿಯ ನೀರಿನಲ್ಲಿ ಅದೇ ಶಾಂಪೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬ ನಿಮ್ಮ ಮಾತನ್ನು ಮೇಲಿನವರು ಮುಟ್ಟದೇ ಬಿಟ್ಟಿದ್ದಾರೆ. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯಲ್ಲಿ ಅತ್ಯಂತ ಮುಖ್ಯವಾದ ಸುಳಿವು ಅದೇ. ಪ್ರೋಟೀನನ್ನು ದೂರುವ ಮೊದಲು ನೀರನ್ನು ಪರೀಕ್ಷಿಸಬೇಕು.

ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿನ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬ ಸ್ವೀಕಾರಾರ್ಹ ಮಿತಿಯನ್ನೂ, ಬೇರೆ ಮೂಲವಿಲ್ಲದಿದ್ದಾಗ 600 ಮಿಲಿಗ್ರಾಂ ಎಂಬ ಗರಿಷ್ಠ ಮಿತಿಯನ್ನೂ ಇಟ್ಟಿದೆ. ಬಯಲುಸೀಮೆಯ ಆಳದ ಕೊಳವೆಬಾವಿಗಳಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಿರುವುದು ಸಾಮಾನ್ಯ. ಬೆಂಗಳೂರಿಗೆ ಬರುವ ಕಾವೇರಿ ನೀರು ಅದಕ್ಕಿಂತ ಮೃದು. ಮಲೆನಾಡಿನ ಮಳೆ ತುಂಬಿದ ಬಾವಿಯ ನೀರು ಸಾಮಾನ್ಯವಾಗಿ ಇನ್ನೂ ಮೃದು. ಕೂದಲಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶದ ಜಾಗಗಳಿರುವುದರಿಂದ ಈ ಲವಣಗಳ ಧನ ಅಯಾನುಗಳು ಅಲ್ಲಿ ಹಿಡಿದುಕೊಳ್ಳುತ್ತವೆ. ಹೀಗೆ ಲವಣ ಸೇರಿದ ಕೂದಲೂ ಬಿರುಸಾಗಿ, ಹೊಳಪು ಕಳೆದುಕೊಂಡು, ಸಿಕ್ಕಾಗುತ್ತದೆ. ಅಂದರೆ ಪ್ರೋಟೀನಿನಿಂದ ಆಗುತ್ತದೆಂದು ನೀವು ಭಾವಿಸಿರುವ ಲಕ್ಷಣಗಳೇ ಗಡಸು ನೀರಿನಿಂದಲೂ ಬರುತ್ತವೆ, ಎರಡೂ ಕೂಡಿದರೆ ಹೆಚ್ಚುತ್ತವೆ.

ಟಿಡಿಎಸ್ ಮೀಟರಿನ ಅಂಕಿಯನ್ನು ಗಡಸುತನವೆಂದು ತಿಳಿಯಬೇಡಿ. ಅದು ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಅಂದಾಜು. ಅದರಲ್ಲಿ ಗಡಸು ತರದ ಸೋಡಿಯಂ ಲವಣಗಳೂ ಸೇರಿರುತ್ತವೆ. ಗಡಸುತನವನ್ನೇ ಅಳೆಯುವ ಪಟ್ಟಿಗಳೂ ಹನಿ ಹಾಕಿ ನೋಡುವ ಕಿಟ್‌ಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಏನೂ ಇಲ್ಲದಿದ್ದರೆ ಒಂದು ಬಾಟಲಿಯಲ್ಲಿ ಸಂಪಿನ ನೀರು, ಇನ್ನೊಂದರಲ್ಲಿ ಮಳೆನೀರು ತೆಗೆದುಕೊಂಡು, ಎರಡಕ್ಕೂ ಸಾದಾ ಸಾಬೂನಿನ ಸಮನಾದ ಚೂರು ಹಾಕಿ ಅಲುಗಾಡಿಸಿ. ಗಡಸು ನೀರಿನಲ್ಲಿ ನೊರೆ ಏಳುವ ಬದಲು ಬಿಳಿಯ ಕಶ್ಮಲ ತೇಲುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ನೀರು ಮೃದುಗೊಳಿಸುವ ಯಂತ್ರವಿದ್ದರೆ ಅದಕ್ಕೆ ಕಾಲಕಾಲಕ್ಕೆ ಉಪ್ಪು ತುಂಬುತ್ತಿದ್ದಾರೆಯೇ ಎಂದು ಸಂಘದವರನ್ನು ವಿಚಾರಿಸಿ. ಉಪ್ಪು ಮುಗಿದ ಯಂತ್ರ ಇದ್ದೂ ಇಲ್ಲದಂತೆಯೇ. ಸ್ನಾನದ ಕೋಣೆಯ ನಲ್ಲಿಗೆ ಸಿಕ್ಕಿಸುವ ಸಣ್ಣ ಸೋಸುಕಗಳಲ್ಲಿ ಹೆಚ್ಚಿನವು ಕ್ಲೋರಿನ್ ಮತ್ತು ಮಣ್ಣನ್ನು ತಡೆಯುತ್ತವೆ, ಗಡಸುತನವನ್ನು ಹೇಳಿಕೊಳ್ಳುವಷ್ಟು ಇಳಿಸುವುದಿಲ್ಲ. ನೀವು ಒಬ್ಬರೇ ಮಾಡಬಹುದಾದದ್ದೆಂದರೆ, ಘಟಕಗಳ ಪಟ್ಟಿಯಲ್ಲಿ ಇಡಿಟಿಎ ಅಥವಾ ಸೋಡಿಯಂ ಗ್ಲುಕೋನೇಟ್ ಮೇಲ್ಭಾಗದಲ್ಲಿರುವ, ಲವಣ ತೆಗೆಯಲೆಂದೇ ಮಾಡಿದ ಶಾಂಪೂವನ್ನು ಆಗೊಮ್ಮೆ ಈಗೊಮ್ಮೆ ಬಳಸುವುದು ಮತ್ತು ಕೊನೆಯ ಒಂದೆರಡು ಚೊಂಬು ನೀರನ್ನಾದರೂ ಮೃದು ನೀರಿನಿಂದ ಎರೆದುಕೊಳ್ಳುವುದು. ಮಳೆಗಾಲದಲ್ಲಿ ತಾರಸಿಯ ನೀರನ್ನು ಮೊದಲ ಮಳೆ ಬಿಟ್ಟು ಹಿಡಿದುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ.

ಉತ್ತರ: ಸೀಗೆಬಳ್ಳಿ, ಶಿರಸಿ

ಅಂಗಡಿಯ ವಸ್ತುಗಳ ಬಗ್ಗೆ ಬಲ್ಲವರು ಬರೆದಿದ್ದಾರೆ. ನಮ್ಮ ಹಿತ್ತಲಿನ ವಸ್ತುಗಳನ್ನೂ ಅದೇ ಎಚ್ಚರದಿಂದ ನೋಡಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ‘ಮನೆಮದ್ದು’ ಎಂದ ಕೂಡಲೇ ಅದರಲ್ಲಿ ಪ್ರೋಟೀನ್ ಇಲ್ಲವೆಂದು ಜನ ಭಾವಿಸುತ್ತಾರೆ.

ಮೆಂತ್ಯದ ವಿಷಯವನ್ನೇ ತೆಗೆದುಕೊಳ್ಳಿ. ನೆನೆಸಿದ ಮೆಂತ್ಯದ ಲೋಳೆ ಕೂದಲನ್ನು ನುಣುಪು ಮಾಡುತ್ತದೆ, ಅದು ನಿಜ; ಆದರೆ ಆ ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಪ್ರೋಟೀನ್. ಇಡೀ ಕಾಳನ್ನು ಅರೆದು ಅದಕ್ಕೆ ಮೊಸರು ಸೇರಿಸಿ ಹಚ್ಚಿದರೆ ಎರಡು ಪ್ರೋಟೀನುಗಳು ಸೇರಿದಂತಾಯಿತು, ಜೊತೆಗೆ ತೊಳೆದರೂ ಹೋಗದ ಹಿಟ್ಟು ಎಳೆಗಳ ನಡುವೆ ಉಳಿಯುತ್ತದೆ. ನಿಮ್ಮ ಅತ್ತೆಯವರ ಅಕ್ಕರೆಯನ್ನು ಬಿಡಬೇಕಾಗಿಲ್ಲ. ಕಾಳನ್ನು ಅರೆಯದೆ ರಾತ್ರಿ ನೆನೆಸಿ, ಬೆಳಿಗ್ಗೆ ಆ ಲೋಳೆನೀರನ್ನು ಮಾತ್ರ ತೆಳುಬಟ್ಟೆಯಲ್ಲಿ ಸೋಸಿ ಹಚ್ಚಿ ನೋಡಿ. ಸ್ನಾನಕ್ಕೆ ಬಳಸುವ ಹೆಸರುಹಿಟ್ಟು, ಕಡಲೆಹಿಟ್ಟುಗಳದ್ದೂ ಇದೇ ಕಥೆ. ಮೈಗೆ ಒಳ್ಳೆಯವು, ನಿಮ್ಮಂತಹ ಕೂದಲಿಗೆ ಬೇಡ.

ದಾಸವಾಳದ ಎಲೆಯ ಲೋಳೆ ನವಿರು ಕೂದಲಿಗೆ ನಾನು ಕಂಡ ಅತ್ಯುತ್ತಮ ವಸ್ತು. ಎಲೆಗಳನ್ನು ನೀರಿನಲ್ಲಿ ಕಿವುಚಿದಾಗ ಬರುವ ಲೋಳೆಯಲ್ಲಿ ಮುಖ್ಯವಾಗಿ ಇರುವುದು ಶರ್ಕರಗಳ ಉದ್ದನೆಯ ಸರಪಣಿಗಳು. ತಾಜಾ ಎಲೆಯನ್ನೇ ತಂದು, ಕಿವುಚಿ, ಸೋಸಿ, ಕೂಡಲೇ ಬಳಸಿ. ಅಂಗಡಿಯ ಪುಡಿಯಲ್ಲಿ ಆ ಗುಣ ಅಷ್ಟು ಉಳಿದಿರುವುದಿಲ್ಲ. ಅಗಸೆಬೀಜವನ್ನು ಕುದಿಸಿ, ಬಿಸಿಯಿರುವಾಗಲೇ ಸೋಸಿದ ಲೋಳೆಯೂ ಒಳ್ಳೆಯದು, ಅಲೆಗಳನ್ನು ಹಿಡಿದು ನಿಲ್ಲಿಸುತ್ತದೆ. ಆದರೆ ಅದನ್ನು ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು, ವಾಸನೆ ಬದಲಾದರೆ ಚೆಲ್ಲಬೇಕು.

ಸೀಗೆಕಾಯಿ ಮತ್ತು ಅಂಟುವಾಳದ ನೊರೆಗೆ ಕಾರಣ ಸಪೋನಿನ್ ಎಂಬ ವಸ್ತು. ಗಡಸು ನೀರಿನಲ್ಲಿ ಸಾಬೂನಿನಂತೆ ಅದು ಕಶ್ಮಲ ಕಟ್ಟುವುದಿಲ್ಲ. ಸೀಗೆಯ ಕಷಾಯ ಸ್ವಲ್ಪ ಆಮ್ಲೀಯವಾಗಿಯೂ ಇರುತ್ತದೆ. ಆದರೆ ಪುಡಿಯನ್ನು ನೇರವಾಗಿ ತಲೆಗೆ ತಿಕ್ಕಬೇಡಿ. ಅದರ ನಾರು ನವಿರು ಎಳೆಗಳಿಗೆ ಉಜ್ಜಿಕೊಂಡು ಹೊರಪೊರೆಯನ್ನು ತರಚುತ್ತದೆ. ಕಾಯಿಯನ್ನು ಜಜ್ಜಿ, ನೆನೆಸಿ, ಕುದಿಸಿ, ಎರಡು ಸಲ ಸೋಸಿದ ಕಷಾಯವನ್ನು ಬಳಸಿ. ಅಂಟುವಾಳ ಹೆಚ್ಚು ತೀಕ್ಷ್ಣ, ಅದೊಂದನ್ನೇ ಬಳಸಿದರೆ ತುದಿಗಳು ಒಣಗುತ್ತವೆ. ಎರಡೂ ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತವೆ.

ಕೊಬ್ಬರಿ ಎಣ್ಣೆಯ ಬಗ್ಗೆ ಒಂದು ಮಾತು. ಮುಂಬಯಿಯ ಸಂಶೋಧಕರಾದ ರೇಲೆ ಮತ್ತು ಮೊಹಿಲೆ 2003ರಲ್ಲಿ ಪ್ರಕಟಿಸಿದ ಅಧ್ಯಯನವು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ಎಣ್ಣೆಗಳನ್ನು ಹೋಲಿಸಿ, ಕೂದಲಿನಿಂದ ಪ್ರೋಟೀನ್ ನಷ್ಟವಾಗುವುದನ್ನು ಕೊಬ್ಬರಿ ಎಣ್ಣೆ ಮಾತ್ರ ಗಮನಾರ್ಹವಾಗಿ ತಗ್ಗಿಸಿತೆಂದು ತೋರಿಸಿತು. ಅದರಲ್ಲಿರುವ ಲಾರಿಕ್ ಆಮ್ಲ ಎಳೆಯ ಒಳಕ್ಕೆ ಇಳಿಯಬಲ್ಲದು. ಹೀಗಿದ್ದರೂ ಪ್ರೋಟೀನ್ ಒಗ್ಗದವರಲ್ಲಿ ಕೆಲವರಿಗೆ ಕೊಬ್ಬರಿ ಎಣ್ಣೆಯಿಂದಲೂ ಕೂದಲು ಬಿರುಸಾದಂತೆ ಅನ್ನಿಸುತ್ತದೆ. ಆದ್ದರಿಂದ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕೆಲವೇ ಹನಿಗಳನ್ನು ತುದಿಗಳಿಗೆ ಮಾತ್ರ ಸವರಿ, ತೊಳೆದು, ಕೂದಲು ಒಣಗಿದ ಮೇಲೆ ತೀರ್ಮಾನಿಸಿ. ಹರಳೆಣ್ಣೆ ನಿಮ್ಮ ಎಳೆಗೆ ತೀರ ಭಾರ.

ಮರುಪ್ರಶ್ನೆ: ಎಳೆಗೂದಲು, ಬೆಂಗಳೂರು

ಇಷ್ಟು ಶ್ರದ್ಧೆಯಿಂದ ಬರೆದ ಮೂವರಿಗೂ ನಾನು ಋಣಿ. ಈಗ ಸೀಸೆಗಳನ್ನೆಲ್ಲ ಮುಂದಿಟ್ಟುಕೊಂಡು ಓದಿದಾಗ, ಮೃದು ಎಂದು ನಂಬಿ ಬಳಸುತ್ತಿದ್ದ ಶಾಂಪೂವಿನಲ್ಲಿಯೇ ಡೈಮೆಥಿಕೊನಾಲ್ ಮತ್ತು ಗೋರಿಕಾಯಿಯ ಅಂಟು ಎರಡೂ ಕಂಡವು. ನೀರಿನ ಪರೀಕ್ಷೆಗೂ ವ್ಯವಸ್ಥೆ ಮಾಡುತ್ತಿದ್ದೇನೆ.

ಎರಡು ಸಂದೇಹಗಳು ಉಳಿದಿವೆ. ಗೋಧಿ ಪ್ರೋಟೀನ್ ಇರುವ ಸ್ಪ್ರೇ ಹಾಕಿದ ದಿನಗಳಲ್ಲಿ ಕತ್ತಿನ ಹಿಂಭಾಗದಲ್ಲಿಯೂ ಕಿವಿಯ ಹಿಂದೆಯೂ ತುರಿಕೆಯಾಗಿ ಸಣ್ಣ ದದ್ದುಗಳು ಏಳುತ್ತವೆ. ಇದೂ ಕೂದಲಿಗೆ ಪ್ರೋಟೀನ್ ಒಗ್ಗದಿರುವುದರ ಭಾಗವೇ? ಮತ್ತೊಂದು, ಪ್ರೋಟೀನನ್ನು ಪೂರ್ತಿ ಬಿಟ್ಟರೆ ಕಾಲಾಂತರದಲ್ಲಿ ಕೂದಲು ದುರ್ಬಲವಾಗುವುದಿಲ್ಲವೇ? ಸಲೂನಿನವರು ಹೇಳುವುದು ಅದನ್ನೇ.

ಉತ್ತರ: ಚರ್ಮವೈದ್ಯೆ, ಹುಬ್ಬಳ್ಳಿ

ತುರಿಕೆ ಮತ್ತು ದದ್ದಿನ ವಿಷಯವನ್ನು ದಯವಿಟ್ಟು ಬೇರೆಯಾಗಿಯೇ ನೋಡಿ. ಕೂದಲು ಬಿರುಸಾಗುವುದು ಒಂದು ನಿರ್ಜೀವ ಎಳೆಯ ಮೇಲೆ ಪೊರೆ ಕೂರುವ ಸಂಗತಿ. ಚರ್ಮದಲ್ಲಿ ದದ್ದು ಏಳುವುದು ದೇಹದ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ್ದಿರಬಹುದು. ಹೈಡ್ರೊಲೈಸ್ಡ್ ಗೋಧಿ ಪ್ರೋಟೀನಿಗೆ ಅಲರ್ಜಿ ಬರುವುದು ಅಪರೂಪವಾದರೂ ದಾಖಲಾದ ವಿಷಯ. ಜಪಾನಿನಲ್ಲಿ 2010ರ ಆಸುಪಾಸಿನಲ್ಲಿ ಇಂತಹ ಪ್ರೋಟೀನ್ ಸೇರಿದ ಒಂದು ಮುಖದ ಸಾಬೂನನ್ನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಗೋಧಿಯ ಅಲರ್ಜಿ ಉಂಟಾಯಿತು. ಅವರಲ್ಲಿ ಅನೇಕರಿಗೆ ಅಲ್ಲಿಯವರೆಗೆ ಗೋಧಿ ತಿನ್ನಲು ಯಾವ ತೊಂದರೆಯೂ ಇರಲಿಲ್ಲ. ಆ ಸಾಬೂನಿನಲ್ಲಿದ್ದ ತುಣುಕುಗಳು ಗಾತ್ರದಲ್ಲಿ ದೊಡ್ಡವಾಗಿದ್ದವು. ಅನಂತರ ಐರೋಪ್ಯ ಒಕ್ಕೂಟವು ಪ್ರಸಾಧನಗಳಲ್ಲಿ ಬಳಸುವ ಗೋಧಿ ಪ್ರೋಟೀನಿನ ತುಣುಕುಗಳ ಸರಾಸರಿ ಗಾತ್ರ 3500 ಡಾಲ್ಟನ್ ಮೀರಬಾರದೆಂದು 2017ರಲ್ಲಿ ನಿಯಮ ಮಾಡಿತು.

ನಿಮಗೆ ಅದೇ ಆಗಿದೆ ಎಂದು ನೋಡದೆ ಹೇಳಲಾರೆ. ಸ್ಪ್ರೇಯಲ್ಲಿರುವ ಸುಗಂಧವೂ ಸಂರಕ್ಷಕವೂ ಇದೇ ಜಾಗದಲ್ಲಿ ದದ್ದು ತರಬಲ್ಲವು, ವಾಸ್ತವವಾಗಿ ಅವೇ ಹೆಚ್ಚು ಸಾಮಾನ್ಯ ಕಾರಣಗಳು. ಆ ಸ್ಪ್ರೇಯನ್ನು ಇಂದೇ ನಿಲ್ಲಿಸಿ, ಸೀಸೆಯನ್ನು ಎಸೆಯದೆ ಚರ್ಮರೋಗ ತಜ್ಞರಲ್ಲಿಗೆ ಒಯ್ಯಿರಿ, ಅಗತ್ಯವೆನಿಸಿದರೆ ಅವರು ಅಲರ್ಜಿಯ ಪರೀಕ್ಷೆ ಮಾಡುತ್ತಾರೆ. ಚಪಾತಿ ಅಥವಾ ಬ್ರೆಡ್ ತಿಂದ ನಂತರ ಎಂದಾದರೂ ಬಾಯಿ ತುರಿಕೆ, ತುಟಿ ಊತ, ಉಸಿರಾಟದ ತೊಂದರೆ ಕಾಣಿಸಿದರೆ ತಡಮಾಡಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಎರಡನೆಯ ಸಂದೇಹಕ್ಕೆ ಉತ್ತರ ಸರಳ. ಕೂದಲು ತನಗೆ ಬೇಕಾದ ಪ್ರೋಟೀನನ್ನು ಪಡೆಯುವುದು ಬುಡದಲ್ಲಿರುವ ಕೋಶಗಳಿಗೆ ರಕ್ತ ತಲುಪಿಸುವ ಆಹಾರದಿಂದ. ಹೊರಗಿನಿಂದ ಹಚ್ಚುವುದನ್ನು ಬಿಟ್ಟ ಮಾತ್ರಕ್ಕೆ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆದು ಬರುವ ಹೊಸ ಕೂದಲು ದುರ್ಬಲವಾಗುವುದಿಲ್ಲ. ಬೇಳೆ, ಕಾಳು, ಹಾಲು, ಮೊಟ್ಟೆ ಊಟದಲ್ಲಿರಲಿ. ನಿಮ್ಮದು ಹುಟ್ಟಿನಿಂದಲೇ ನವಿರು ಎಂದಿದ್ದೀರಿ, ಅದು ಕಾಯಿಲೆಯಲ್ಲ. ಆದರೆ ಈ ಚರ್ಚೆಯನ್ನು ಓದುತ್ತಿರುವ ಬೇರೆ ಯಾರಿಗಾದರೂ ಮೊದಲು ದಪ್ಪಗಿದ್ದ ಎಳೆಗಳು ನಡುನೆತ್ತಿಯಲ್ಲಿ ಸಪೂರವಾಗುತ್ತಾ ಬೈತಲೆ ಅಗಲವಾಗುತ್ತಿದ್ದರೆ, ಶಾಂಪೂ ಬದಲಿಸುತ್ತಾ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. ಕಬ್ಬಿಣದ ಕೊರತೆ, ಥೈರಾಯ್ಡ್, ಹಾರ್ಮೋನಿನ ಕಾರಣಗಳನ್ನು ರಕ್ತಪರೀಕ್ಷೆಯಿಂದ ತಿಳಿಯಬಹುದು.

ಕೆರಾಟಿನ್ ಟ್ರೀಟ್‌ಮೆಂಟ್ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ಅಲ್ಲಿ ಕೂದಲನ್ನು ನೇರಗೊಳಿಸುವುದು ಕೆರಾಟಿನ್ ಅಲ್ಲ, ಫಾರ್ಮಾಲ್ಡಿಹೈಡ್ ಅಥವಾ ಗ್ಲೈಆಕ್ಸಿಲಿಕ್ ಆಮ್ಲ ಮತ್ತು 200 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ಇಸ್ತ್ರಿ. ಫಾರ್ಮಾಲ್ಡಿಹೈಡನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಗ್ಲೈಆಕ್ಸಿಲಿಕ್ ಆಮ್ಲವಿರುವ ಲೇಪಗಳ ನಂತರ ಮೂತ್ರಪಿಂಡಕ್ಕೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕಗಳಲ್ಲಿ ವರದಿಯಾಗಿವೆ. ಆರೋಗ್ಯವಾಗಿರುವ ನಿಮ್ಮ ಕೂದಲಿಗೆ ಇದು ಖಂಡಿತ ಬೇಡ.

ಉತ್ತರ: ಲೇಬಲ್‌ಓದುಗ, ಮೈಸೂರು

ವೈದ್ಯರ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ. ದದ್ದಿನ ಕಾರಣ ತಿಳಿಯುವವರೆಗೂ ಗೋಧಿ ಪ್ರೋಟೀನ್ ಇರುವ ಯಾವುದನ್ನೂ ಮುಟ್ಟಬೇಡಿ. ಲೇಬಲ್ಲಿನಲ್ಲಿ ಅದು ‘ಟ್ರಿಟಿಕಂ ವಲ್ಗೇರ್’ ಎಂಬ ಸಸ್ಯನಾಮದ ಹಿಂದೆಯೂ ಅಡಗಿರಬಹುದು.

ಮುಂದೆ ಎಂದಾದರೂ ತುದಿಗಳು ಸವೆದು, ಒದ್ದೆಯಿದ್ದಾಗ ಕೂದಲು ಎಳೆದಷ್ಟೂ ಹಿಗ್ಗಿ ಮರಳಿ ಬಾರದಂತಾದರೆ ಪ್ರೋಟೀನಿನ ಬಗ್ಗೆ ಮತ್ತೆ ಯೋಚಿಸಬಹುದು. ಆಗ ಹೈಡ್ರೊಲೈಸ್ಡ್ ರೇಷ್ಮೆಯಂತಹ ಒಂದನ್ನೇ ಆರಿಸಿಕೊಂಡು, ತೊಳೆದುಹಾಕುವ ಕಂಡಿಷನರ್ ರೂಪದಲ್ಲಿ, ತುದಿಗಳಿಗೆ ಮಾತ್ರ, ಒಂದು ಸಲ ಹಚ್ಚಿ, ಮುಂದಿನ ಕೆಲವು ತಲೆಸ್ನಾನಗಳಲ್ಲಿ ಅದನ್ನು ಬಿಟ್ಟು ಗಮನಿಸಿ. ಹಚ್ಚಿ ಹಾಗೆಯೇ ಬಿಡುವ ಸ್ಪ್ರೇಗಳು ನಿಮಗೆ ಹೊಂದುವ ಸಾಧ್ಯತೆ ಕಡಿಮೆ, ಏಕೆಂದರೆ ಅವುಗಳಲ್ಲಿರುವ ಪ್ರೋಟೀನ್ ಅಷ್ಟೂ ಕೂದಲಿನ ಮೇಲೆಯೇ ಒಣಗುತ್ತದೆ.

ಸೀರಮ್ ಇಲ್ಲದೆ ತುದಿಗಳನ್ನು ಹೇಗೆ ನೋಡಿಕೊಳ್ಳುವುದೆಂಬ ಪ್ರಶ್ನೆ ಉಳಿಯುತ್ತದೆ. ಕೂದಲು ಇನ್ನೂ ಒದ್ದೆಯಿರುವಾಗ, ನೀವು ತೊಳೆದುಹಾಕುವ ಅದೇ ಸರಳ ಕಂಡಿಷನರನ್ನು ಕಡಲೆಕಾಳಿನಷ್ಟು ತೆಗೆದುಕೊಂಡು, ಅಂಗೈಯಲ್ಲಿ ನೀರಿನೊಡನೆ ಬೆರೆಸಿ ತುದಿಗಳಿಗೆ ಮಾತ್ರ ಸವರಿಬಿಡಿ. ಮಳೆಗಾಲದಲ್ಲಿ ಗ್ಲಿಸರಿನ್ ಪಟ್ಟಿಯ ಮೊದಲಲ್ಲೇ ಇರುವ ಕ್ರೀಮುಗಳನ್ನು ದೂರವಿಡಿ; ಗಾಳಿಯ ತೇವವನ್ನು ಎಳೆದುಕೊಂಡು ಅವು ನವಿರು ಕೂದಲನ್ನು ಅಂಟಂಟಾಗಿಸುತ್ತವೆ. ಟರ್ಕಿ ಟವೆಲಿನಿಂದ ಉಜ್ಜುವ ಬದಲು ಹಳೆಯ ಹತ್ತಿಪಂಚೆಯಲ್ಲಿ ಒತ್ತಿ ನೀರು ತೆಗೆಯಿರಿ, ಮುಕ್ಕಾಲು ಪಾಲು ಒಣಗಿದ ಮೇಲೆ ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಿ. ನೀರಿನ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಗಡಸುತನದ ಅಂಕಿಯನ್ನು ಇಲ್ಲಿ ಬರೆಯಿರಿ. ಲವಣ ತೆಗೆಯುವ ಶಾಂಪೂವನ್ನು ವಾರಕ್ಕೊಮ್ಮೆ ಬಳಸಬೇಕೇ ತಿಂಗಳಿಗೊಮ್ಮೆ ಸಾಕೇ ಎಂಬುದನ್ನು ಅದನ್ನು ನೋಡಿಯೇ ಹೇಳಬೇಕು.